ತಂಬಿಗೆ ಕೈಯಲ್ಲೇ ಇದೆ, ಅಮ್ಮ ಹೇಳಲಿ ಎಂದು ಕಾಯುತ್ತಾನೆ

ಪ್ರಶ್ನೆ: ನನ್ನ ಮಗನಿಗೆ ಈಗ 9 ವರ್ಷ. ಮೂರೂವರೆ ವರ್ಷದವನಿದ್ದಾಗ ಆಟಿಸಂ ಎಂದು ಹೇಳಿದರು. ಒಂದೆರಡು ಪದಗಳ ಮಾತು ಆಡುತ್ತಾನೆ, ನಾವು ಹೇಳಿದ್ದು ಬಹುಪಾಲು ಅರ್ಥವಾಗುತ್ತದೆ. ಆದರೂ ಇವತ್ತಿಗೂ ಜಳಕ ನಾನೇ ಮಾಡಿಸಬೇಕು. ತಂಬಿಗೆ ಕೈಗೆ ಕೊಟ್ಟು ‘ನೀರು ಹಾಕ್ಕೊ’ ಅಂದರೆ ಒಂದು ತಂಬಿಗೆ ಹಾಕಿಕೊಂಡು ನನ್ನ ಮುಖ ನೋಡುತ್ತಾ ನಿಲ್ಲುತ್ತಾನೆ. ಮತ್ತೆ ಹೇಳಬೇಕು. ಸೋಪಿಗೂ ಹಾಗೆಯೇ. ತಲೆಗೆ ನೀರು ಬಿದ್ದರೆ ಓಣಿಗೆಲ್ಲ ಕೇಳುವಂತೆ ಕಿರುಚುತ್ತಾನೆ. ‘ಪಾಪ ಕೂಸು, ದೊಡ್ಡವನಾದ ಮೇಲೆ ತಾನೇ ಕಲೀತಾನೆ ಬಿಡು’ ಎಂದು ಅತ್ತೆಯವರು ತಾವೇ ಎಲ್ಲ ಮಾಡಿಬಿಡುತ್ತಾರೆ. ಇನ್ನೆರಡು ವರ್ಷಕ್ಕೆ ನನ್ನ ಎತ್ತರ ಬರುತ್ತಾನೆ. ಅಂಗಿ ಗುಂಡಿ, ಹಲ್ಲುಜ್ಜುವುದು, ಎಲ್ಲದರ ಕಥೆಯೂ ಇದೇ. ಎಲ್ಲಿಂದ ಶುರು ಮಾಡಲಿ? ಎಷ್ಟು ತಿಂಗಳು ಹಿಡಿಯಬಹುದು?
— ಒಬ್ಬ ತಾಯಿ, ಹಾವೇರಿ ಜಿಲ್ಲೆ

ಉತ್ತರ: ‘ನನ್ನ ಮುಖ ನೋಡುತ್ತಾ ನಿಲ್ಲುತ್ತಾನೆ’ ಎಂದು ಬರೆದಿದ್ದೀರಲ್ಲ, ನಿಮ್ಮ ಪತ್ರದ ತಿರುಳೆಲ್ಲ ಆ ಒಂದು ಸಾಲಿನಲ್ಲಿದೆ. ನಿಮ್ಮ ಮಗನಿಗೆ ನೀರು ಹಾಕಿಕೊಳ್ಳಲು ಬರುತ್ತದೆ. ಕೈಯಲ್ಲಿ ಶಕ್ತಿಯಿದೆ, ಮಾತು ಅರ್ಥವಾಗುತ್ತದೆ. ಆದರೆ ಅವನು ಕಲಿತಿರುವ ಸ್ನಾನದಲ್ಲಿ ನಿಮ್ಮ ಧ್ವನಿಯೂ ಒಂದು ಭಾಗ. ನೀರು, ಅಮ್ಮನ ಮಾತು, ನೀರು, ಅಮ್ಮನ ಮಾತು, ಸೋಪು, ಅಮ್ಮನ ಮಾತು. ವರ್ಷಗಟ್ಟಲೆ ಹೀಗೇ ನಡೆದಿದೆ. ಮಾತು ಬರದಿದ್ದರೆ ಮುಂದಿನ ಹೆಜ್ಜೆಯೂ ಬರುವುದಿಲ್ಲ. ಅವನು ಮೊಂಡುತನದಿಂದ ನಿಂತಿದ್ದಾನೆ ಎಂದುಕೊಳ್ಳಬೇಡಿ. ಕಲಿಸಿದ್ದನ್ನು ಚಾಚೂ ತಪ್ಪದೆ ಮಾಡುತ್ತಿದ್ದಾನೆ, ಅಷ್ಟೇ.

ಕಲಿಸುವಾಗ ನಾವು ಕೊಡುವ ಸುಳಿವುಗಳಲ್ಲಿ ಬಾಯಿಮಾತು ನೋಡಲು ಅತ್ಯಂತ ಸಾಧು. ಆದರೆ ಒಮ್ಮೆ ಅಂಟಿಕೊಂಡರೆ ಬಿಡಿಸುವುದು ಎಲ್ಲಕ್ಕಿಂತ ಕಷ್ಟ. ಕೈ ಹಿಡಿದು ಮಾಡಿಸಿದರೆ ಆ ಹಿಡಿತವನ್ನು ದಿನದಿಂದ ದಿನಕ್ಕೆ ಸಡಿಲಿಸಬಹುದು. ಮಾತನ್ನು ಹೇಗೆ ಸಡಿಲಿಸುತ್ತೀರಿ? ಮೆಲ್ಲಗೆ ಹೇಳಿದರೂ ಅದು ಮಾತೇ. ಹಾಗಾಗಿ ಸ್ನಾನ ಕಲಿಸುವ ಅರ್ಧ ಗಂಟೆ ಬಾಯಿ ಮುಚ್ಚಿಕೊಂಡಿರುವುದನ್ನು ಮೊದಲು ನೀವು ಕಲಿಯಬೇಕಾಗುತ್ತದೆ. ಹೇಳಿದಷ್ಟು ಸುಲಭವಲ್ಲ, ಮೊದಲ ವಾರ ನಾಲಿಗೆ ಕಚ್ಚಿಕೊಳ್ಳುತ್ತೀರಿ.

ಸದ್ಯಕ್ಕೆ ಸ್ನಾನ ಒಂದನ್ನೇ ಹಿಡಿಯಿರಿ. ಗುಂಡಿ, ಹಲ್ಲು, ಶೂ ಲೇಸು ಎಲ್ಲವನ್ನೂ ಒಟ್ಟಿಗೆ ಎಳೆದರೆ ಒಂದೂ ಮುಗಿಯುವುದಿಲ್ಲ. ಒಂದು ಭಾನುವಾರ ಅವನು ಸ್ನಾನಕ್ಕೆ ಹೋದಾಗ ಏನೂ ಹೇಳದೆ, ಸಹಾಯವನ್ನೂ ಮಾಡದೆ, ಪಕ್ಕದಲ್ಲಿ ನಿಂತು ನೋಡಿ. ಏನೇನು ತಾನೇ ಮಾಡುತ್ತಾನೆ, ಎಲ್ಲಿ ನಿಲ್ಲುತ್ತಾನೆ ಎಂದು ಬರೆದುಕೊಳ್ಳಿ. ಬಟ್ಟೆ ಬಿಚ್ಚುವುದು, ಮಣೆಯ ಮೇಲೆ ಕೂರುವುದು ಆಗಲೇ ಬರುತ್ತಿರಬಹುದು. ಬರುವುದನ್ನು ಕಲಿಸಲು ಹೋಗಿ ಸಮಯ ಹಾಳು ಮಾಡಬೇಡಿ.

ಇನ್ನು ಬಚ್ಚಲು. ದೊಡ್ಡ ಬಕೆಟ್ ತುಂಬ ನೀರು, ಲೀಟರ್ ಹಿಡಿಯುವ ಹಿತ್ತಾಳೆ ತಂಬಿಗೆ, ಜಾರುವ ಸೋಪು: ಇವು ಮೂರೂ ಅವನಿಗೆ ಅಡ್ಡಿ. ತಂಬಿಗೆಯ ಬದಲು ಹಿಡಿಕೆ ಇರುವ ಅರ್ಧ ಲೀಟರ್ ಪ್ಲಾಸ್ಟಿಕ್ ಮಗ್ ಕೊಡಿ. ಅದಕ್ಕಿಂತ ಮುಖ್ಯ ಬಕೆಟ್‌ನ ವಿಷಯ. ‘ಸಾಕಾಗುವಷ್ಟು ನೀರು ಹಾಕ್ಕೊ’ ಎನ್ನುತ್ತೇವೆ. ಸಾಕು ಎಂದರೆ ಎಷ್ಟು? ನಮಗೆ ಮೈ ಹೇಳುತ್ತದೆ. ಆಟಿಸಂ ಇರುವ ಬಹಳಷ್ಟು ಮಕ್ಕಳಿಗೆ ಆ ಅಂದಾಜು ಸಿಗುವುದಿಲ್ಲ. ಒಂದೋ ಒಂದು ಮಗ್‌ಗೆ ನಿಲ್ಲುತ್ತಾರೆ, ಇಲ್ಲವೇ ಟ್ಯಾಂಕ್ ಖಾಲಿಯಾಗುವವರೆಗೆ ಸುರಿದುಕೊಳ್ಳುತ್ತಾರೆ. ಆದ್ದರಿಂದ ‘ಸಾಕು’ ಎನ್ನುವುದು ಕಣ್ಣಿಗೆ ಕಾಣುವಂತಿರಬೇಕು. ಎರಡು ಬಣ್ಣದ ಬಕೆಟ್ ಇಡಿ. ಹಸಿರು ಬಕೆಟ್‌ನಲ್ಲಿ 5 ಲೀಟರ್, ಅಂದರೆ ಸುಮಾರು ಹತ್ತು ಮಗ್, ಸೋಪಿಗೆ ಮುಂಚೆ. ನೀಲಿಯಲ್ಲಿ 10 ಲೀಟರ್, ಸೋಪು ತೊಳೆಯಲು. ತಳದಲ್ಲಿ ಮಗ್ ಮುಳುಗದಷ್ಟು ನೀರು ಉಳಿದಾಗ ಅದನ್ನು ಚೆಲ್ಲಿ ಬಕೆಟ್ ಬೋರಲು ಹಾಕಬೇಕು. ಬೋರಲು ಬಿದ್ದ ಬಕೆಟ್ ಎಂದರೆ ‘ಮುಗಿಯಿತು’. ನೀವು ‘ಇನ್ನೂ ಹಾಕ್ಕೊ’, ‘ಸಾಕು ಬಿಡು’ ಎಂದು ಹೇಳುವ ಕೆಲಸವನ್ನು ಬಕೆಟ್ಟೇ ಮಾಡುತ್ತದೆ.

ಸೋಪನ್ನು ಹಳೆಯ ಹತ್ತಿ ಕಾಲುಚೀಲದೊಳಗೆ ಹಾಕಿ ಬಾಯಿ ಕಟ್ಟಿಬಿಡಿ. ಜಾರುವುದಿಲ್ಲ, ಉಜ್ಜಿದ್ದು ಗಟ್ಟಿಯಾಗಿ ತಾಕುತ್ತದೆ. ಮೆಲ್ಲಗೆ ಸವರಿದರೆ ಮೈ ಜುಮ್ಮೆಂದು ಕಿರಿಕಿರಿಪಡುವ ಎಷ್ಟೋ ಮಕ್ಕಳು ಒತ್ತಿ ಉಜ್ಜಿದರೆ ಸುಮ್ಮನಿರುತ್ತಾರೆ.

ಬಿಸಿನೀರು ಮಾತ್ರ ನಿಮ್ಮ ಕೈಯಲ್ಲೇ ಇರಲಿ. ಬೆರೆಸಿ, ಮೊಣಕೈ ಅದ್ದಿ ನೋಡಿ, ಆಮೇಲೆ ಅವನನ್ನು ಒಳಗೆ ಬಿಡಿ. ಬಿಸಿ, ನೋವು ತಟ್ಟಿದರೂ ಕೈ ಹಿಂದಕ್ಕೆ ತೆಗೆದುಕೊಳ್ಳದ ಮಕ್ಕಳು ಆಟಿಸಂನಲ್ಲಿ ಇದ್ದಾರೆ. 60 ಡಿಗ್ರಿಯ ನೀರು ಮಕ್ಕಳ ಚರ್ಮವನ್ನು ಕೆಲವೇ ಸೆಕೆಂಡಿನಲ್ಲಿ ಸುಡುತ್ತದೆ. ಬಚ್ಚಲಲ್ಲೇ ಹಂಡೆ ಒಲೆ ಇದ್ದರೆ ಸ್ನಾನದ ಹೊತ್ತಿಗೆ ಕೆಂಡ ಆರಿರಬೇಕು, ಅವನು ಕೂರುವ ಮಣೆ ಹಂಡೆಯಿಂದ ದೂರ ಇರಬೇಕು. ಬಕೆಟ್ಟಿಗೆ ಇಳಿಬಿಡುವ ಕಾಯಿಲ್ ಇರುವ ಮನೆಯಲ್ಲಿ ಅದನ್ನು ಬಚ್ಚಲ ಹೊರಗೆ ಬಳಸಿ, ಸ್ವಿಚ್ ಆರಿಸಿ, ಪ್ಲಗ್ ಕಿತ್ತು, ಮಗುವಿನ ಕೈಗೆ ಎಟುಕದಂತೆ ಎತ್ತಿಟ್ಟ ಮೇಲೇ ನೀರು ಒಳಗೆ ತನ್ನಿ.

ಈಗ ಹೆಜ್ಜೆಗಳು. ನಿಮ್ಮ ಮನೆಗೆ ತಕ್ಕಂತೆ ಬದಲಿಸಿಕೊಳ್ಳಿ, ಆದರೆ ಒಮ್ಮೆ ಬರೆದ ಮೇಲೆ ಯಾರು ಮಾಡಿಸಿದರೂ ಕ್ರಮ ಇದೇ ಇರಲಿ: 1. ಬಟ್ಟೆ ಬಿಚ್ಚಿ ಬುಟ್ಟಿಗೆ. 2. ಮಣೆಯ ಮೇಲೆ ಕೂರುವುದು. 3. ಹಸಿರು ಬಕೆಟ್ಟಿನ ನೀರು, ಒಂದು ಮಗ್ ಎಡ ಹೆಗಲಿಗೆ, ಒಂದು ಬಲ ಹೆಗಲಿಗೆ, ಹೀಗೇ ಮುಗಿಯುವವರೆಗೆ. 4. ಹಸಿರು ಬಕೆಟ್ ಬೋರಲು. 5. ಸೋಪಿನ ಚೀಲ ಕೈಗೆ. 6. ಎರಡೂ ತೋಳು. 7. ಕುತ್ತಿಗೆ, ಎದೆ, ಹೊಟ್ಟೆ. 8. ಕಂಕುಳು. 9. ತೊಡೆಸಂದು, ಹಿಂಭಾಗ. 10. ಕಾಲು, ಪಾದ. 11. ಸೋಪು ಡಬ್ಬಿಗೆ. 12. ನೀಲಿ ಬಕೆಟ್ಟಿನ ನೀರು. 13. ನೀಲಿ ಬಕೆಟ್ ಬೋರಲು. 14. ಮೈ ಒರೆಸುವುದು. 15. ಟವೆಲ್ ಸುತ್ತಿಕೊಂಡು ಹೊರಗೆ. ಬೆನ್ನನ್ನು ಬೇಕೆಂದೇ ಬಿಟ್ಟಿದ್ದೇನೆ. ದೊಡ್ಡವರಿಗೇ ಸರಿಯಾಗಿ ಎಟುಕದ ಜಾಗ ಅದು, ಕೊನೆಗೆ ನೋಡಿಕೊಂಡರಾಯಿತು. ಪ್ರತಿ ಭಾಗಕ್ಕೂ ಮೂರು ಸಲ ಉಜ್ಜುವುದು ಎಂದು ಲೆಕ್ಕ ಇಡಿ, ‘ಚೆನ್ನಾಗಿ’ ಎನ್ನುವುದು ಲೆಕ್ಕವಲ್ಲ.

ಇದನ್ನು ಕಲಿಸಬೇಕಾದದ್ದು ಹಿಂದಿನಿಂದ. ಮೊದಲ ವಾರ 1ರಿಂದ 14ರವರೆಗೆ ನೀವು ಅವನ ಕೈ ಹಿಡಿದು ಮಾಡಿಸಿ, ಕೊನೆಯದೊಂದನ್ನು ಅವನಿಗೆ ಬಿಡಿ. ಟವೆಲ್ ಸುತ್ತಿಕೊಂಡು ತಾನೇ ಹೊರಗೆ ಬಂದ ಕ್ಷಣವೇ ಅವನಿಗೆ ಇಷ್ಟವಾದದ್ದು ಸಿಗಲಿ. ಮೂರು ದಿನ ಸತತವಾಗಿ ಸಹಾಯವಿಲ್ಲದೆ ಆಯಿತೆಂದರೆ 14 ಮತ್ತು 15 ಎರಡೂ ಅವನವು. ಆಮೇಲೆ 13. ಹೀಗೆ ಹಿಂದಕ್ಕೆ ಸರಿಯುತ್ತಾ ಬನ್ನಿ. ಮೊದಲಿನಿಂದ ಕಲಿಸಿದರೆ ಅವನ ಪಾಲಿನ ಕೆಲಸ ಮುಗಿದ ಮೇಲೂ ಹತ್ತು ನಿಮಿಷ ಯಾರೋ ತನ್ನನ್ನು ತಿಕ್ಕಿ ತೊಳೆಯುತ್ತಿರುತ್ತಾರೆ, ಶಹಬ್ಬಾಸ್ ಎನ್ನುವ ಹೊತ್ತಿಗೆ ಯಾವುದಕ್ಕೆ ಎಂಬುದೇ ಮರೆತಿರುತ್ತದೆ. ಹಿಂದಿನಿಂದ ಕಲಿಸಿದರೆ ಅವನು ಮಾಡಿದ ಕೆಲಸಕ್ಕೂ ಸ್ನಾನ ಮುಗಿದ ಸುಖಕ್ಕೂ ನಡುವೆ ಏನೂ ಇರುವುದಿಲ್ಲ. ಜೊತೆಗೆ, ಪ್ರತಿ ಹೊಸ ಹೆಜ್ಜೆಯೂ ಆಗಲೇ ಬರುವ ಹೆಜ್ಜೆಗೆ ಹೋಗಿ ಸೇರುತ್ತದೆ.

ನೀವು ಎಲ್ಲಿ ನಿಲ್ಲುತ್ತೀರಿ ಎನ್ನುವುದೂ ಮುಖ್ಯ. ಎದುರಿಗೆ ನಿಂತರೆ ಅವನು ನಿಮ್ಮ ಮುಖ ನೋಡುತ್ತಾನೆ, ಮುಖದಲ್ಲಿ ಸುಳಿವು ಹುಡುಕುತ್ತಾನೆ. ಹಿಂದೆ ನಿಲ್ಲಿ. ಉದಾಹರಣೆಗೆ 12ನೇ ಹೆಜ್ಜೆ, ನೀಲಿ ಬಕೆಟ್. ಸೋಪು ಡಬ್ಬಿಗೆ ಹೋಯಿತು, ಮಗ ಸುಮ್ಮನೆ ಕೂತಿದ್ದಾನೆ. ಮನಸ್ಸಿನಲ್ಲೇ ಐದು ಎಣಿಸಿ. ಕೈ ಮಗ್ ಕಡೆ ಹೋಗಲಿಲ್ಲವೆಂದರೆ ಹಿಂದಿನಿಂದ ಅವನ ಬಲಗೈ ಮೇಲೆ ನಿಮ್ಮ ಕೈ ಇಟ್ಟು, ಮಗ್ ಹಿಡಿಸಿ, ಅದ್ದಿ, ಎತ್ತಿ, ಹೆಗಲ ಮೇಲೆ ಬಗ್ಗಿಸಿ. ಮಾತಿಲ್ಲ. ಎರಡನೆಯ ಮಗ್‌ಗೂ ಮೊದಲು ಐದು ಎಣಿಕೆ. ಅವನ ಕೈ ತಾನೇ ಮುಂದೆ ಹೋಗುವ ಸೆಳೆತ ನಿಮ್ಮ ಅಂಗೈಗೆ ತಿಳಿಯುತ್ತದೆ. ತಿಳಿದೊಡನೆ ಹಿಡಿತವನ್ನು ಮಣಿಕಟ್ಟಿಗೆ ಸರಿಸಿ. ಒಂದೆರಡು ದಿನ ಬಿಟ್ಟು ಮೊಣಕೈಗೆ, ಆಮೇಲೆ ಹೆಗಲಿಗೆ ಒಂದು ಬೆರಳು, ಆಮೇಲೆ ಮುಟ್ಟದೆ ಹಿಂದೆಯೇ ಕೈ ಆಡಿಸುವುದು, ಕಡೆಗೆ ಬಾಗಿಲ ಬಳಿ ನಿಲ್ಲುವುದು. ಅವನು ಕೈ ಕಿತ್ತುಕೊಂಡು ಒದ್ದಾಡಿದರೆ ಮಾತ್ರ ಬಲವಂತ ಮಾಡಬೇಡಿ. ಕೈ ತೆಗೆದು, ಹಿಂದಿನಿಂದಲೇ ಬಕೆಟ್ ಕಡೆ ಬೆರಳು ತೋರಿಸಿ.

ಗೋಡೆಯ ಮೇಲೆ ಅವನ ಕಣ್ಣಿನ ಎತ್ತರಕ್ಕೆ ಒಂದು ಚಿತ್ರಪಟ್ಟಿ ಬೇಕು. ಮೊಬೈಲಿನಲ್ಲಿ ನಿಮ್ಮದೇ ಬಕೆಟ್, ನಿಮ್ಮದೇ ಸೋಪು, ನಿಮ್ಮದೇ ಟವೆಲ್ಲಿನ ಫೋಟೊ ತೆಗೆದು ಪ್ರಿಂಟ್ ಹಾಕಿಸಿ. ಹದಿನೈದೂ ಬೇಡ, ಆರು ಸಾಕು: ಹಸಿರು ಬಕೆಟ್, ಸೋಪು, ಮೇಲ್ಮೈ, ಕೆಳಮೈ, ನೀಲಿ ಬಕೆಟ್, ಟವೆಲ್. ಲ್ಯಾಮಿನೇಷನ್ ಮಾಡಿಸುವಾಗ ಕಾಗದದ ಸುತ್ತ ಒಂದು ಸೆಂಟಿಮೀಟರ್ ಪ್ಲಾಸ್ಟಿಕ್ ಅಂಚು ಬಿಡಲು ಹೇಳಿ. ಅಂಚಿಗೆ ಸರಿಯಾಗಿ ಕತ್ತರಿಸಿದರೆ ವಾರದಲ್ಲಿ ನೀರು ಒಳಗೆ ಇಳಿದು ಹಾಳಾಗುತ್ತದೆ. ಪಟ್ಟಿಯ ಬದಿಗೆ ಬಟ್ಟೆ ಒಣಹಾಕುವ ಕ್ಲಿಪ್ ಒಂದನ್ನು ಸಿಕ್ಕಿಸಿ, ಒಂದೊಂದು ಕೆಲಸ ಮುಗಿದಂತೆ ಅವನೇ ಅದನ್ನು ಕೆಳಗೆ ಸರಿಸಲಿ. ನಿಂತುಬಿಟ್ಟಾಗ ಹೇಳಬೇಕೆಂದು ನಿಮ್ಮ ಬಾಯಿ ತುರಿಸಿದರೆ ಪಟ್ಟಿಯ ಕಡೆ ಬೆರಳು ತೋರಿಸಿ. ಈ ಪಟ್ಟಿಯನ್ನು ಮುಂದೆ ತೆಗೆಯಲೇಬೇಕೆಂದಿಲ್ಲ. ಕ್ಯಾಲೆಂಡರ್ ನೋಡಿ ಗ್ಯಾಸ್ ಬುಕ್ ಮಾಡುವವರನ್ನು ನಾವು ಪರಾವಲಂಬಿ ಎನ್ನುತ್ತೇವೆಯೇ?

ಇಷ್ಟವಾದದ್ದು ಎಂದೆನಲ್ಲ, ಅದು ಚಾಕೊಲೇಟೇ ಆಗಬೇಕಿಲ್ಲ. ಐದು ನಿಮಿಷ ಜೋಕಾಲಿ, ಒಂದು ಹಾಡು, ತಿರುಗುವ ಆಟಿಕೆ. ಷರತ್ತು ಒಂದೇ, ಆ ವಸ್ತು ದಿನದ ಬೇರೆ ಹೊತ್ತಿನಲ್ಲಿ ಬಿಟ್ಟಿ ಸಿಗಬಾರದು. ಬೆಳಗಿನಿಂದ ಮೊಬೈಲ್ ಹಿಡಿದಿದ್ದವನಿಗೆ ಸ್ನಾನವಾದ ಮೇಲೆ ಮೊಬೈಲ್ ಕೊಟ್ಟರೆ ಅದಕ್ಕೆ ಬೆಲೆಯಿಲ್ಲ. ತಪ್ಪಿದಾಗ ‘ಅಲ್ಲ ಅಲ್ಲ, ಹಾಗಲ್ಲ’ ಎನ್ನದೆ ಒಂದು ಹೆಜ್ಜೆ ಹಿಂದಕ್ಕೆ ಕರೆದುಕೊಂಡು ಹೋಗಿ ಕೈ ಹಿಡಿದು ಸರಿಯಾಗಿ ಮಾಡಿಸಿ. ತಪ್ಪುವುದು, ಬೈಸಿಕೊಳ್ಳುವುದು, ತಿದ್ದಿಕೊಳ್ಳುವುದು ನಾಲ್ಕು ಸಲ ಆಯಿತೆಂದರೆ ಅದೂ ಸ್ನಾನದ ಕ್ರಮದಲ್ಲಿ ಸೇರಿಹೋಗುತ್ತದೆ.

ತಲೆಸ್ನಾನವನ್ನು ಇದರಿಂದ ಪೂರ್ತಿ ಬೇರ್ಪಡಿಸಿ. ವಾರಕ್ಕೆ ಎರಡು ದಿನ, ಬೇರೆ ಹೊತ್ತಿನಲ್ಲಿ, ಸದ್ಯಕ್ಕೆ ನೀವೇ ಮಾಡಿಸುವ ಕೆಲಸವಾಗಿರಲಿ. ಎರಡೂ ಒಂದೇ ಗಂಟಿನಲ್ಲಿದ್ದರೆ ತಲೆಗೆ ನೀರು ಬೀಳುವ ಭಯದಲ್ಲಿ ಅವನು ಬಚ್ಚಲಿಗೆ ಕಾಲಿಡುವಾಗಲೇ ಬಿಗಿದುಕೊಂಡಿರುತ್ತಾನೆ. ಕಿರುಚಾಟಕ್ಕೆ ಕಾರಣ ಯಾವುದೆಂದು ಒಂದೊಂದಾಗಿ ಹುಡುಕಿ: ಮುಖದ ಮೇಲೆ ಇಳಿಯುವ ನೀರೇ, ಕಣ್ಣುರಿಯೇ, ಯಾವಾಗ ಬೀಳುತ್ತದೋ ಎಂಬ ದಿಗಿಲೇ, ಕಿವಿಯ ಬಳಿ ಸುರಿಯುವ ಸದ್ದೇ, ತಲೆ ಹಿಂದಕ್ಕೆ ಬಾಗಿಸಿದಾಗ ಆಯ ತಪ್ಪಿದಂತಾಗುವುದೇ? ಒಣ ಟವೆಲ್ ಮಡಚಿ ಹಣೆಗೆ ಒತ್ತಿ ಹಿಡಿದುಕೊಳ್ಳಲು ಕೊಡಿ. ನೀರನ್ನು ನೆತ್ತಿಯ ಮೇಲೆ ಎತ್ತರದಿಂದ ಸುರಿಯದೆ, ಮಗ್‌ನ ಬಾಯನ್ನು ಹೆಡತಲೆಗೆ ತಾಗಿಸಿ, ಇನ್ನೊಂದು ಅಂಗೈಯನ್ನು ಗಟ್ಟಿಯಾಗಿ ಒತ್ತಿಟ್ಟು ಹರಿಸಿ. ‘ಐದು, ನಾಲ್ಕು, ಮೂರು, ಎರಡು, ಒಂದು’ ಎಂದು ಎಣಿಸುತ್ತಾ ಸುರಿಯಿರಿ, ಒಂದಕ್ಕೆ ನಿಲ್ಲಿಸಿ. ನೊರೆ ಉಳಿದಿದ್ದರೂ ನಿಲ್ಲಿಸಲೇಬೇಕು, ಉಸಿರು ಬಿಟ್ಟ ಮೇಲೆ ಮತ್ತೊಂದು ಐದು. ಒಮ್ಮೆ ಮಾತು ತಪ್ಪಿದರೆ ಆ ಎಣಿಕೆಯನ್ನು ಅವನು ಮತ್ತೆ ನಂಬುವುದಿಲ್ಲ. ಇಲ್ಲಿ ಮಾತಾಡಿದರೂ ತೊಂದರೆಯಿಲ್ಲ, ಇದು ಸುಳಿವಲ್ಲ, ಧೈರ್ಯ. ಎಣ್ಣೆ ಹಚ್ಚಿ ಸೀಗೆಪುಡಿ ಹಾಕುವ ರೂಢಿಯಿದ್ದರೆ ಕೆಲವು ತಿಂಗಳು ಬಿಟ್ಟುಬಿಡಿ. ಆ ಪುಡಿ ಕಣ್ಣಿಗೆ ಹೋದರೆ ಉರಿ ಏನೆಂದು ನಿಮಗೇ ಗೊತ್ತು. ಒಂದು ಚಮಚ ಶಾಂಪೂವನ್ನು ಲೋಟ ನೀರಿನಲ್ಲಿ ಕದಡಿ ಹಚ್ಚಿದರೆ ಬೇಗ ತೊಳೆದುಹೋಗುತ್ತದೆ.

ಅತ್ತೆಯವರ ವಿಷಯ. ‘ದೊಡ್ಡವನಾದ ಮೇಲೆ ತಾನೇ ಕಲೀತಾನೆ’ ಎನ್ನುವುದು ಉಳಿದ ಮೊಮ್ಮಕ್ಕಳ ಮಟ್ಟಿಗೆ ನಿಜವಾಗಿತ್ತು. ಅವರು ಅಣ್ಣನನ್ನು ನೋಡಿ, ಅಕ್ಕನನ್ನು ನೋಡಿ ಕಲಿತರು. ಹಾಗೆ ನೋಡಿ ಕಲಿಯುವುದೇ ಆಟಿಸಂನಲ್ಲಿ ಕಷ್ಟ. ಅವರೊಂದಿಗೆ ವಾದ ಮಾಡಬೇಡಿ, ಒಂದು ಕೆಲಸ ಕೊಡಿ: ಬಚ್ಚಲ ಬಾಗಿಲಾಚೆ ಕುರ್ಚಿ ಹಾಕಿಕೊಂಡು ಕೂತು, ಮೊಮ್ಮಗ ಟವೆಲ್ ಸುತ್ತಿಕೊಂಡು ಹೊರಗೆ ಬಂದೊಡನೆ ಇಷ್ಟವಾದದ್ದನ್ನು ಕೊಡುವವರು ಅಜ್ಜಿಯೇ ಆಗಲಿ. ಸ್ಕೂಲಿನ ಅವಸರದಲ್ಲಿ ಕಲಿಸಲು ಹೋಗಬೇಡಿ, ಸಂಜೆ ಇಟ್ಟುಕೊಳ್ಳಿ. ಬೆಳಿಗ್ಗೆ ನೀವೇ ಸ್ನಾನ ಮಾಡಿಸಿದರೂ ಅಡ್ಡಿಯಿಲ್ಲ. ಆದರೆ ಅವನು ಕಲಿತಾಗಿರುವ ಹೆಜ್ಜೆ ಬೆಳಿಗ್ಗೆಯೂ ಅವನದೇ. ಮೈ ಒರೆಸಿಕೊಳ್ಳಲು ಬರುವವನಿಗೆ ಬಸ್ ತಪ್ಪುತ್ತದೆಂದು ಅಜ್ಜಿ ಒರೆಸಿಬಿಟ್ಟರೆ, ಕಾದು ನಿಂತರೆ ಯಾರಾದರೂ ಮಾಡಿಕೊಡುತ್ತಾರೆ ಎಂಬ ಹಳೆಯ ಪಾಠ ಮರಳಿ ಬರುತ್ತದೆ.

9 ವರ್ಷ ಎಂದರೆ ಮರ್ಯಾದೆಯ ಪಾಠವನ್ನೂ ಈಗಲೇ ಸೇರಿಸಬೇಕು. ಬಾಗಿಲು ಹಾಕಿದ ಮೇಲೇ ಬಟ್ಟೆ ಬಿಚ್ಚುವುದು, ಟವೆಲ್ ಸುತ್ತಿಕೊಳ್ಳದೆ ಹೊರಗೆ ಬಾರದಿರುವುದು, 9ನೇ ಹೆಜ್ಜೆಯ ಜಾಗವನ್ನು ತಾನೇ ತೊಳೆಯುವುದು, ಮನೆಯ ಇಂಥವರನ್ನು ಬಿಟ್ಟು ಬೇರೆ ಯಾರೂ ಅಲ್ಲಿ ಮುಟ್ಟುವಂತಿಲ್ಲ ಎನ್ನುವುದು. ಸಾಧ್ಯವಾದರೆ ಇನ್ನು ಮುಂದೆ ತಂದೆ ಈ ಕೆಲಸಕ್ಕೆ ಬರಲಿ. ಚಿಲಕ ಮಾತ್ರ ಹೊರಗಿನಿಂದಲೂ ತೆಗೆಯಲು ಬರುವಂಥದಿರಲಿ. ಆಟಿಸಂ ಇರುವವರಲ್ಲಿ ಮೂರ್ಛೆರೋಗ (ಫಿಟ್ಸ್) ಉಳಿದವರಿಗಿಂತ ಹೆಚ್ಚು. ಅವನಿಗೆ ಒಮ್ಮೆಯಾದರೂ ಬಂದಿದ್ದರೆ ಒಬ್ಬನನ್ನೇ ಬಚ್ಚಲಲ್ಲಿ ಬಿಡುವ ಮುನ್ನ ವೈದ್ಯರನ್ನು ಕೇಳಿ.

ಲೆಕ್ಕಕ್ಕೆ ಒಂದು ನೋಟ್‌ಬುಕ್ ಸಾಕು. ಎಡಕ್ಕೆ ಹೆಜ್ಜೆಯ ಸಂಖ್ಯೆ, ಮೇಲೆ ತಾರೀಕು. ತಾನೇ ಮಾಡಿದರೆ ‘ತಾ’, ಬೆರಳು ತೋರಿಸಿದರೆ ‘ಬೆ’, ಕೈ ಹಿಡಿದರೆ ‘ಕೈ’. ಎರಡು ವಾರ ಒಂದೇ ಹೆಜ್ಜೆಯಲ್ಲಿ ‘ಕೈ’ ಬರುತ್ತಿದ್ದರೆ ಆ ಹೆಜ್ಜೆ ದೊಡ್ಡದಾಯಿತು ಎಂದರ್ಥ, ಒಡೆಯಿರಿ. ಮೈ ಒರೆಸುವುದು ಸಾಮಾನ್ಯವಾಗಿ ಹೀಗೆ ಸಿಕ್ಕಿಕೊಳ್ಳುತ್ತದೆ. ದೊಡ್ಡ ಟವೆಲ್ ಅವನಿಗೆ ಹಿಡಿತಕ್ಕೆ ಬರುವುದಿಲ್ಲ. ಕೈಟವೆಲ್ ಕೊಟ್ಟು ತೋಳು, ಹೊಟ್ಟೆ, ಕಾಲು ಎಂದು ಮೂರು ಮಾಡಿ.

ಅಂಗಿ ಗುಂಡಿಗೂ ಇದೇ ದಾರಿ. ಸ್ನಾನ ಒಂದು ಹದಕ್ಕೆ ಬಂದ ಮೇಲೆ ಶುರು ಮಾಡಿ. ಯೂನಿಫಾರಂನ ಸಣ್ಣ ಗುಂಡಿ ಬೇಡ, ಎರಡು ಸೆಂಟಿಮೀಟರಿನ ದಪ್ಪ ಗುಂಡಿ ಇರುವ ಹಳೆಯ ಅಂಗಿ ತೆಗೆದುಕೊಳ್ಳಿ. ಕೊರಳ ಬಳಿಯದು ಕಣ್ಣಿಗೆ ಕಾಣುವುದಿಲ್ಲ, ಆದ್ದರಿಂದ ಕೆಳಗಿನಿಂದ ಎರಡನೆಯ ಗುಂಡಿ. ನೀವು ಗುಂಡಿಯನ್ನು ಕಾಜದೊಳಗೆ ಅರ್ಧ ತೂರಿಸಿ ಕೊಡಿ, ಅವನು ಈಚೆಯಿಂದ ಎಳೆದರೆ ಸಾಕು. ಅದು ಬಂದ ಮೇಲೆ ಕಾಲು ಭಾಗ ತೂರಿಸಿ ಕೊಡುವುದು, ಆಮೇಲೆ ಕಾಜವನ್ನು ಬಿಡಿಸಿ ಹಿಡಿಯುವುದಷ್ಟೇ. ಅಂಗಿಯನ್ನು ಮೇಜಿನ ಮೇಲಿಟ್ಟು ಅಭ್ಯಾಸ ಮಾಡಿಸಿದರೆ ಗುಂಡಿ ಬೇರೆ ದಿಕ್ಕಿಗೆ ತಿರುಗಿಕೊಳ್ಳುತ್ತದೆ, ಮೈಮೇಲೆಯೇ ಕಲಿಸಿ. ಅಲ್ಲಿಯವರೆಗೆ ಯೂನಿಫಾರಂ ಅಂಗಿಯ ಒಳಗೆ ವೆಲ್ಕ್ರೊ ಹೊಲಿಸಿ, ಗುಂಡಿಗಳನ್ನು ಮೇಲೆ ಹಚ್ಚಿಸಿದರೆ ದರ್ಜಿಗೆ ಅರ್ಧ ಗಂಟೆಯ ಕೆಲಸ. ಹಲ್ಲುಜ್ಜುವಾಗ ಮುಖ ತಿರುಗಿಸಿದರೆ ಪೇಸ್ಟಿನ ಖಾರ ಕಾರಣವಿರಬಹುದು. ಕೆಲವು ದಿನ ಬರೀ ನೀರಿನ ಬ್ರಷ್, ಆಮೇಲೆ ಮಕ್ಕಳ ಪೇಸ್ಟ್, ಬಟಾಣಿ ಕಾಳಿನಷ್ಟು.

ಪಕ್ಕದಲ್ಲಿ ನಿಂತು ತೋರಿಸುವವರು ಬೇಕೆನಿಸಿದರೆ ಆಕ್ಯುಪೇಷನಲ್ ಥೆರಪಿಸ್ಟ್ (ದಿನನಿತ್ಯದ ಕೆಲಸಗಳನ್ನು ಕಲಿಸುವ ತಜ್ಞರು) ಅಥವಾ ವಿಶೇಷ ಶಿಕ್ಷಕರು ಸಿಗುತ್ತಾರೆಯೇ ಎಂದು ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ, ಮಕ್ಕಳ ಆರೋಗ್ಯ ತಪಾಸಣೆಯ ಸರ್ಕಾರಿ ಯೋಜನೆಯಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 18 ವರ್ಷದವರೆಗಿನ ಮಕ್ಕಳಿಗೂ ಇದೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಬೆಂಗಳೂರಿನ ನಿಮ್ಹಾನ್ಸ್ ಎರಡೂ ಕಡೆ ಆಟಿಸಂ ಮಕ್ಕಳನ್ನು ನೋಡುತ್ತಾರೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಆಟಿಸಂ ಸೇರಿದೆ. ಯುಡಿಐಡಿ ಕಾರ್ಡ್ (ಅಂಗವಿಕಲರ ಗುರುತಿನ ಚೀಟಿ) ಮಾಡಿಸಿರದಿದ್ದರೆ ಮಾಡಿಸಿ. ಕೇಂದ್ರ ಸರ್ಕಾರದ ಸಂಸ್ಥೆಯಾದ ನ್ಯಾಷನಲ್ ಟ್ರಸ್ಟ್‌ನ ನಿರಾಮಯ ಆರೋಗ್ಯ ವಿಮೆಯಲ್ಲಿ 1 ಲಕ್ಷ ರೂಪಾಯಿವರೆಗೆ ಚಿಕಿತ್ಸಾ ವೆಚ್ಚ ಸಿಗುತ್ತದೆ, ಥೆರಪಿಗೂ ಅದರಲ್ಲಿ ಪಾಲಿದೆ. ಚೆನ್ನಾಗಿ ಬರುತ್ತಿದ್ದ ಕೆಲಸಗಳನ್ನು ಇದ್ದಕ್ಕಿದ್ದಂತೆ ಒಟ್ಟಿಗೆ ಬಿಟ್ಟುಬಿಟ್ಟರೆ ಮಾತ್ರ ಕಾಯಬೇಡಿ, ವೈದ್ಯರಿಗೆ ತೋರಿಸಿ. ಹಲ್ಲುನೋವು, ಕಿವಿನೋವು, ಮಲಬದ್ಧತೆ ಇದ್ದರೂ ಹೇಳಲು ಬಾರದ ಮಕ್ಕಳು ಹೀಗೆ ಮಾಡುವುದುಂಟು.

ಎಷ್ಟು ತಿಂಗಳು ಎಂದು ಕೇಳಿದ್ದೀರಿ. ಹದಿನೈದರಲ್ಲಿ ನಾಲ್ಕೈದು ಆಗಲೇ ಬರುತ್ತವೆ ಎಂದಿಟ್ಟುಕೊಂಡರೆ ಹತ್ತು ಉಳಿದವು. ಒಂದೊಂದಕ್ಕೆ ಒಂದು ವಾರದಿಂದ ಎರಡು ವಾರ. ಮೂರರಿಂದ ಐದು ತಿಂಗಳು ಇಟ್ಟುಕೊಳ್ಳಿ, ತೋಳು ಹೊಟ್ಟೆಗಿಂತ ಕಂಕುಳು ತೊಡೆಸಂದು ಹೆಚ್ಚು ದಿನ ತಿನ್ನುತ್ತವೆ. ಮನೆಯಲ್ಲಿ ಬಂದದ್ದು ಸೋದರಮಾವನ ಮನೆಯ ಶವರಿನ ಕೆಳಗೆ ಬಾರದಿದ್ದರೆ ಗಾಬರಿಯಾಗಬೇಡಿ, ಮೊದಲ ಒಂದೆರಡು ಸಲ ಅದೇ ಮಗ್, ಅದೇ ಸೋಪಿನ ಚೀಲ, ಅದೇ ಚಿತ್ರಪಟ್ಟಿ ಬ್ಯಾಗಿನಲ್ಲಿ ಹೋಗಲಿ. ಪೂರ್ತಿ ಕಲಿತ ಮೇಲೆ ಬೇಕೆಂದೇ ಒಂದೊಂದು ಸಲಕ್ಕೆ ಒಂದೇ ವಸ್ತು ಬದಲಿಸುತ್ತಾ ಬನ್ನಿ. ಜ್ವರವೋ ಜಾತ್ರೆಯೋ ಬಂದು ಹದಿನೈದು ದಿನ ತಪ್ಪಿಹೋದರೆ ಮೊದಲಿನಿಂದ ಶುರು ಮಾಡಬೇಡಿ. ನಿಂತಿದ್ದ ಜಾಗದಲ್ಲಿ ಎರಡು ದಿನ ಮತ್ತೆ ಕೈ ಹಿಡಿಯಿರಿ, ಮೂರನೆಯ ದಿನ ಮಣಿಕಟ್ಟು, ಅಲ್ಲಿಂದ ಮುಂದಕ್ಕೆ.